ಎರಡನೇ ಕೂಸಿಗೆ ಒಂದು ಮೂಲೆ

ಅಟ್ಟದ ಮೇಲೆ ತೊಟ್ಟಿಲು ಇದೆ. ಮೂರು ವರ್ಷದ ಧೂಳು ಅದರ ಮೇಲೆ ಕುಳಿತಿದೆ. ಒಂದು ಕಡೆಯ ಹಗ್ಗವನ್ನು ಇಲಿ ಕಡಿದಿದೆ. ತೊಟ್ಟಿಲ ಒಳಗೆ ಹಳೆಯ ಚೀಲಗಳು, ಒಂದು ಮುರಿದ ಮೊರ, ಸ್ವಲ್ಪ ಉಳ್ಳಾಗಡ್ಡಿ.

ಇದು ಹರಪನಹಳ್ಳಿ ತಾಲೂಕಿನ ತೆಲಿಗಿ ಕಡೆಯ ಒಂದು ಮನೆ. ಸೊಸೆಗೆ ಏಳು ತಿಂಗಳು. ಇದು ಎರಡನೇ ಬಸುರು.

"ಅತ್ತಿ, ತೊಟ್ಟಿಲ ಇಳಿಸಿ ಒಂದೀಟು ತೊಳದು ಇಟ್ರ ಹೆಂಗ?" ಎಂದು ಸೊಸೆ ಕೇಳಿದಳು.

"ಎರಡನೇದಕ್ಕ ಏನವ್ವಾ ದೊಡ್ಡ ತಯಾರಿ? ಇರೋದ್ರಾಗ ಆಗ್ತೈತಿ ಬಿಡು" ಎಂದರು ಅತ್ತೆ.

ಅಕ್ಕಂದಿರೇ, ಈ ಮಾತು ನೀವೂ ಕೇಳಿರುತ್ತೀರಿ. ಅತ್ತೆ ಹೇಳಿದ್ದು ಅರ್ಧ ನಿಜ. ಇರುವುದರಲ್ಲೇ ಆಗುತ್ತದೆ. ಆದರೆ ತಾನಾಗಿಯೇ ಆಗುವುದಿಲ್ಲ. ಯಾರಾದರೂ ಮಾಡಬೇಕು.

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ಅಲ್ಲಿ ಅವ್ವ ಇರುತ್ತಾಳೆ, ಅತ್ತಿಗೆ ಇರುತ್ತಾಳೆ. ಎಲ್ಲವನ್ನೂ ಅವರೇ ನೋಡುತ್ತಾರೆ. ತೊಟ್ಟಿಲೂ ಬಹಳ ಸಲ ತವರಿನಿಂದಲೇ ಬರುತ್ತದೆ. ಎರಡನೆಯ ಹೆರಿಗೆ ಹೆಚ್ಚಾಗಿ ಗಂಡನ ಮನೆಯಲ್ಲಿ. ಬಸುರಿಯೇ ಅಡುಗೆ ಮಾಡಬೇಕು, ದೊಡ್ಡ ಕೂಸನ್ನೂ ನೋಡಬೇಕು. ಮೆಕ್ಕೆಜೋಳ ಸುಲಿಯುವ ಕಾಲವಾದರೆ ಕಣದ ಕೆಲಸವೂ ಇರುತ್ತದೆ. ಹೊಸ ಕೂಸಿಗೆ ಎಲ್ಲಿ ಜಾಗ ಎಂದು ಯಾರೂ ಯೋಚಿಸುವುದಿಲ್ಲ. ಕೂಸು ಬಂದ ದಿನ ಯಾವುದೋ ಮೂಲೆಯಲ್ಲಿ ಚಾಪೆ ಹಾಸುತ್ತಾರೆ. ಅದೇ ಅದರ ಮನೆ.

ಪಟ್ಟಣದ ಕೆಲವು ಮನೆಗಳಲ್ಲಿ ಕೂಸಿಗೇ ಬೇರೆ ಕೋಣೆ ಮಾಡುತ್ತಾರೆ. ಗೋಡೆಗೆ ಚಿತ್ರದ ಕಾಗದ ಅಂಟಿಸುತ್ತಾರೆ. ಸಾವಿರಾರು ರೂಪಾಯಿ ಹಾಕುತ್ತಾರೆ. ನಮಗೆ ಅಷ್ಟು ಜಾಗವೂ ಇಲ್ಲ, ದುಡ್ಡೂ ಇಲ್ಲ. ಬೇಕಾಗಿಯೂ ಇಲ್ಲ ಎಂದು ನನಗೆ ಅನ್ನಿಸುತ್ತದೆ. ಕೂಸು ತಾಯಿ ಮಲಗುವ ಕೋಣೆಯಲ್ಲೇ ಮಲಗಿದರೆ ಒಳ್ಳೆಯದು ಎಂದು ವೈದ್ಯರೂ ಹೇಳುತ್ತಾರೆ. ರಾತ್ರಿ ಹಾಲು ಕುಡಿಸಲು ಸುಲಭ. ಅತ್ತರೆ ಬೇಗ ಕೇಳುತ್ತದೆ. ಆದ್ದರಿಂದ ನಾವು ಕೋಣೆಯ ಮಾತು ಬಿಡೋಣ. ಒಂದು ಮೂಲೆಯ ಮಾತು ಆಡೋಣ.

ಬೆಳಕು ಬರುವ ಮೂಲೆ

ಬಾಣಂತಿಗೆ ಕತ್ತಲ ಕೋಣೆ ಕೊಡುವುದು ನಮ್ಮಲ್ಲಿ ರೂಢಿ. ಗಾಳಿ ಬಡಿಯಬಾರದು ಎಂದು ಕಿಟಕಿಗೆ ಗೋಣಿಚೀಲ ಕಟ್ಟುತ್ತಾರೆ. ಬೆಚ್ಚಗಿರಲಿ ಎಂದು ಮಂಚದ ಕೆಳಗೆ ಕೆಂಡ ಇಡುತ್ತಾರೆ. ಕೂಸು ಬೆಚ್ಚಗಿರಬೇಕು ಎಂಬುದು ಸರಿ. ಆದರೆ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ವಿಷದ ಗಾಳಿ ತುಂಬುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಮಲಗಿದಲ್ಲೇ ಪ್ರಾಣ ಬಿಡಬಹುದು. ಒಲೆಯ ಹೊಗೆ, ಲೋಬಾನದ ಹೊಗೆ ಕೂಸಿನ ಎದೆಗೆ ಕೆಟ್ಟದ್ದು. ಅದರಿಂದ ನ್ಯುಮೋನಿಯಾ ಬರುವ ಭಯ ಹೆಚ್ಚು. ಬೆಚ್ಚಗಿಡಲು ತಾಯಿಯ ಎದೆಯೇ ಸಾಕು. ಕೂಸನ್ನು ಎದೆಗೆ ಮೈ ತಾಗುವಂತೆ ಅವಚಿಕೊಂಡು, ತಲೆಗೆ ಟೋಪಿ ಹಾಕಿ, ಮೇಲೆ ಸೆರಗು ಹೊದಿಸಿಕೊಳ್ಳಿ.

ಕತ್ತಲೆಯಿಂದ ಇನ್ನೊಂದು ತೊಂದರೆ ಇದೆ. ಹುಟ್ಟಿದ ಕೂಸಿಗೆ ಕಾಮಾಲೆ ಬಂದರೆ ಮೈ ಹಳದಿ ಆಗುತ್ತದೆ. ಕತ್ತಲಲ್ಲಿ ಹಳದಿ ಹೇಗೆ ಕಾಣಬೇಕು? ಹುಟ್ಟಿದ ದಿನವೇ ಹಳದಿ ಕಂಡರೆ, ಇಲ್ಲವೇ ಅಂಗೈ ಅಂಗಾಲು ಹಳದಿ ಆದರೆ, ಆ ಹೊತ್ತೇ ಆಸ್ಪತ್ರೆಗೆ ಒಯ್ಯಬೇಕು. ಅದಕ್ಕೇ ಕಿಟಕಿ ಇರುವ ಮೂಲೆ ಆರಿಸಿ. ಒಲೆಯಿಂದ ದೂರ ಇರಲಿ. ಕಿಟಕಿಗೆ ಚೀಲದ ಬದಲು ಒಂದು ತೆಳು ಸೀರೆಯ ಪರದೆ ಕಟ್ಟಿ. ಬೆಳಕು ಬರುತ್ತದೆ, ನೊಣ ಬರುವುದು ಕಡಿಮೆಯಾಗುತ್ತದೆ.

ಗೋಡೆಗೆ ಸುಣ್ಣ ಬಳಿಯಿರಿ. ಬಿಳಿ ಗೋಡೆ ಇದ್ದರೆ ಸಣ್ಣ ಕೋಣೆಯೂ ಬೆಳಗುತ್ತದೆ. ಕೆಳಗೆ ಮೊಣಕಾಲು ಎತ್ತರಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದರೆ ನೋಡಲು ಚೆಂದ, ಕೊಳೆಯೂ ಎದ್ದು ಕಾಣುವುದಿಲ್ಲ. ಇದನ್ನು ಹೆರಿಗೆಗೆ ಒಂದು ತಿಂಗಳು ಮೊದಲೇ ಮುಗಿಸಿ. ಸುಣ್ಣದ ಹರಳಿಗೆ ನೀರು ಹಾಕಿದಾಗ ಅದು ಕುದಿಯುತ್ತದೆ. ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ಬಸುರಿ ಏಣಿ ಹತ್ತಬಾರದು. ದೊಡ್ಡ ಕೂಸು ಹತ್ತಿರ ಬರಬಾರದು. ಹಾಗಾದರೆ ಯಾರು ಬಳಿಯಬೇಕು? ಮನೆಯ ಯಜಮಾನರು! ಎರಡನೇ ಕೂಸಿನ ತಯಾರಿಯಲ್ಲಿ ಅವರಿಗೂ ಒಂದು ಪಾಲು ಬೇಡವೇ?

ಸೀರೆಯಿಂದ ಕೌದಿ

ಈಗ ಹಾಸಿಗೆ. ಕೌದಿ ಹೊಲಿಯುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಅಜ್ಜಿಯ ಕೈಯಿಂದ ಅವ್ವನಿಗೆ, ಅವ್ವನ ಕೈಯಿಂದ ನಮಗೆ ಬಂದ ವಿದ್ಯೆ ಅದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳನ್ನು ಬೇರೆ ದೇಶದವರೂ ಮೆಚ್ಚಿದ್ದಾರೆ. ಅವರು ಕೌದಿಯ ನಾಲ್ಕೂ ಮೂಲೆಗೆ ಬಟ್ಟೆಯ ಹೂ ಇಡುತ್ತಾರೆ. ಮೂಲೆಯಲ್ಲಿ ಹೂ ಇಲ್ಲದಿದ್ದರೆ ಅವರಿಗೆ ಆ ಕೌದಿ ಮುಗಿದ ಹಾಗೆ ಅಲ್ಲ.

ಕೂಸಿನ ಕೌದಿಗೆ ಹತ್ತಿ ಬಟ್ಟೆಯೇ ಬೇಕು. ನೈಲಾನ್ ಸೀರೆ ಬೇಡ. ಅದು ಉಚ್ಚೆ ಹೀರುವುದಿಲ್ಲ, ಸೆಕೆ ಮಾಡುತ್ತದೆ, ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಹತ್ತಾರು ಸಲ ಒಗೆದು ಮೆತ್ತಗಾದ ಸೀರೆಯೇ ಒಳ್ಳೆಯದು. ಹೊಸ ಬಟ್ಟೆ ಕೂಸಿನ ಮೈಗೆ ಒರಟು. ಇಲ್ಲಿ ನೋಡಿ, ಹಳೆಯದೇ ಹೊಸದಕ್ಕಿಂತ ಹೆಚ್ಚು!

ಬಟ್ಟೆಯನ್ನು ಕುದಿಯುವ ನೀರಿನಲ್ಲಿ ಹಾಕಿ ತೆಗೆಯಿರಿ. ಬಿಸಿಲಿನಲ್ಲಿ ಒಣಗಿಸಿ. ಬಣ್ಣ ಬಿಡುತ್ತದೆಯೇ ಎಂದು ನೋಡಲು ಒದ್ದೆ ತುದಿಯನ್ನು ಬಿಳಿ ಬಟ್ಟೆಗೆ ಉಜ್ಜಿ. ಬಣ್ಣ ಬಿಡುವ ತುಂಡನ್ನು ಪಕ್ಕಕ್ಕಿಡಿ. ಉದ್ದ ಎರಡು ಮೊಳ, ಅಗಲ ಒಂದೂವರೆ ಮೊಳ ಇದ್ದರೆ ಸಾಕು. ನಾಲ್ಕು ಪದರ ಹಾಕಿ. ಸಾಲು ಸಾಲಾಗಿ, ಒತ್ತೊತ್ತಾಗಿ ಹೊಲಿಯಿರಿ. ಒಂದಲ್ಲ, ಎರಡು ಕೌದಿ ಮಾಡಿ. ಒಂದು ಒಣಗುವಾಗ ಇನ್ನೊಂದು ಬೇಕು. ಹೊಲಿಗೆ ಮುಗಿದ ಮೇಲೆ ಸೂಜಿ ಎಣಿಸಿ. ಕೌದಿಯ ಮೇಲೆಲ್ಲ ಅಂಗೈ ಆಡಿಸಿ ನೋಡಿ.

ಯಾವ ತುಂಡು ಎಲ್ಲಿ ಹಾಕಬೇಕು? ಇಲ್ಲೇ ಇದೆ ಸ್ವಾರಸ್ಯ. ಅಂಗಡಿಯ ಹಾಸಿಗೆಗೆ ಕಥೆ ಇಲ್ಲ. ಕೌದಿಗೆ ಇದೆ. ನಡುವೆ ಇರುವುದು ಅಜ್ಜಿಯ ಇಳಕಲ್ ಸೀರೆಯ ಕೆಂಪು ಸೆರಗು. ಪಕ್ಕದಲ್ಲಿ ಅಪ್ಪನ ಪಟ್ಟೆ ಅಂಗಿ. ಅಂಚಿಗೆ ಅವ್ವ ಮೊದಲ ಸಲ ಬಸುರಿ ಆದಾಗ ಉಟ್ಟ ಸೀರೆ. ಒಂದು ಮೂಲೆಗೆ ಅಕ್ಕ ಕೂಸಾಗಿದ್ದಾಗ ಹಾಕಿಕೊಂಡ ಲಂಗದ ತುಂಡು. ಕೂಸು ಎರಡು ವರ್ಷದ್ದಾದಾಗ ಕೌದಿ ಮೇಲೆ ಕೂಡಿಸಿಕೊಂಡು ತೋರಿಸಿ: "ಇದು ಯಾರದು? ಇದು ಯಾರದು?" ಮನೆಯವರನ್ನೆಲ್ಲ ಬೆರಳಿಟ್ಟು ಎಣಿಸಲು ಅದು ಕಲಿಯುತ್ತದೆ.

ನಮ್ಮ ತಾಂಡಾಗಳ ಅಕ್ಕಂದಿರು ಕನ್ನಡಿ, ಕವಡೆ, ನಾಣ್ಯ ಸೇರಿಸಿ ಹೊಲಿಯುತ್ತಾರೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿದೆ. 2023ರಲ್ಲಿ ಹಂಪಿಯಲ್ಲಿ ಜಿ-20 ದೇಶಗಳ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಣ್ಣುಮಕ್ಕಳ ಕೈಕೆಲಸವನ್ನು ಒಂದೇ ಕಡೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಅಂಥ ಕಸೂತಿ ನಿಮ್ಮ ಮನೆಯಲ್ಲಿ ಇದ್ದರೆ ಗೋಡೆಗೆ ಎತ್ತರದಲ್ಲಿ ತೂಗುಹಾಕಿ. ಕೂಸಿನ ಹಾಸಿಗೆಗೆ ಮಾತ್ರ ಹಾಕಬೇಡಿ. ಕಿತ್ತುಬಂದ ಕವಡೆ, ಗುಂಡಿ, ಕನ್ನಡಿ ಚೂರು ಕೂಸಿನ ಬಾಯಿಗೆ ಹೋಗಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ಹಾಸಿಗೆ ಗಟ್ಟಿಯಾಗಿ, ಸಮನಾಗಿ ಇರಬೇಕು. ಕೂಸನ್ನು ಅಂಗಾತ ಮಲಗಿಸಬೇಕು. ದಿಂಬು ಬೇಡ. ಮುಖದ ಹತ್ತಿರ ದಪ್ಪ ಬಟ್ಟೆ, ಬೊಂಬೆ ಯಾವುದೂ ಬೇಡ. ಉಸಿರು ಕಟ್ಟುತ್ತದೆ.

ಕಲಘಟಗಿಯ ತೊಟ್ಟಿಲು, ನಮ್ಮ ತೊಟ್ಟಿಲು

ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲ ಹೆಸರು ಎಲ್ಲರೂ ಕೇಳಿದ್ದಾರೆ. ಸಾಗವಾನಿ ಮರ, ಅರಗಿನ ಬಣ್ಣ. ಸುತ್ತಲೂ ರಾಮಾಯಣದ ಚಿತ್ರ, ಬಾಲಕೃಷ್ಣನ ಚಿತ್ರ. ಚಿತ್ರಗಾರರ ಮನೆತನದವರು ಕೈಯಿಂದಲೇ ಬರೆಯುತ್ತಾರೆ. ಬೆಲೆ ಮಾತ್ರ ನಮ್ಮ ಕೈಗೆ ಎಟುಕುವುದಿಲ್ಲ. ಅಂಥ ತೊಟ್ಟಿಲು ಒಂದು ಮನೆಯಲ್ಲಿ ಇದ್ದರೆ ಅಣ್ಣತಮ್ಮಂದಿರ ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಅದರಲ್ಲೇ ಮಲಗಿ ಬೆಳೆಯುತ್ತಾರೆ. ಅಷ್ಟು ಬೆಲೆಯ ತೊಟ್ಟಿಲಿಗೇ ಎರಡನೇ ಕೂಸು, ಹತ್ತನೇ ಕೂಸು ಎಂಬ ಭೇದ ಇಲ್ಲ. ಹಾಗಿರುವಾಗ ನಮ್ಮ ಅಟ್ಟದ ತೊಟ್ಟಿಲಿಗೆ ಯಾಕೆ?

"ಕೂಸು ಹುಟ್ಟೋಕಿಂತ ಮುಂಚೆ ತೊಟ್ಟಿಲ ಕಟ್ಟಬಾರದು" ಎಂದು ಹಿರಿಯರು ಹೇಳುತ್ತಾರೆ. ಇರಲಿ, ಕಟ್ಟಬೇಡಿ. ಇಳಿಸಿ ತೊಳೆದಿಡಲು ಯಾರ ಅಡ್ಡಿಯೂ ಇಲ್ಲವಲ್ಲ! ಹಳೆಯ ಎಣ್ಣೆ ಬಣ್ಣ ಹಕ್ಕಳೆ ಎದ್ದಿದ್ದರೆ ಎಚ್ಚರ. ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಅದು ಕೂಸಿನ ಮೆದುಳಿಗೆ ಕೆಡುಕು ಮಾಡುತ್ತದೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ತೀರ ಕಡಿಮೆ ಇರಬೇಕು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣವನ್ನು ಕೆರೆಯಬೇಡಿ, ಧೂಳು ಏಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ. ಕೂಸು ಬಾಯಿ ಹಾಕುವ ಅಂಚಿಗೆ ಹತ್ತಿ ಬಟ್ಟೆ ಸುತ್ತಿ ಹೊಲಿಯಿರಿ. ಅದೇ ಒಂದು ಅಲಂಕಾರ.

ಹಗ್ಗ ಹೊಸದಾಗಿರಲಿ. ಹೊಸ ತೊಟ್ಟಿಲಿಗಿಂತ ಹೊಸ ಹಗ್ಗ ಮುಖ್ಯ. ಕೊಂಡಿಗೆ ಉಜ್ಜುವ ಕಡೆ ಹಗ್ಗ ಮೊದಲು ಸವೆಯುತ್ತದೆ, ಅಲ್ಲಿ ವಾರಕ್ಕೊಮ್ಮೆ ನೋಡಿ. ತೊಲೆ ಗಟ್ಟಿ ಇದೆಯೇ? ಕೂಸನ್ನು ಹಾಕುವ ಮೊದಲು 20 ಕಿಲೋ ಜೋಳದ ಚೀಲ ಇಟ್ಟು ಒಂದು ದಿನ ತೂಗಿ. ಕೆಳಕ್ಕೆ, ನೆಲದಿಂದ ಒಂದು ಮೊಳದೊಳಗೆ ಕಟ್ಟಿ. ಸೀರೆಯ ಜೋಳಿಗೆಯಾದರೂ ಇದೇ ಮಾತು. ಜೋಳಿಗೆಯನ್ನು ಸುತ್ತಿ ಸುತ್ತಿ ಆಡುವಾಗ ದೊಡ್ಡ ಮಕ್ಕಳ ಕುತ್ತಿಗೆಗೆ ಬಿಗಿದು ಪ್ರಾಣ ಹೋದ ಸುದ್ದಿ ಪೇಪರಿನಲ್ಲಿ ಬರುತ್ತಿರುತ್ತದೆ. ಕೂಸು ಇಲ್ಲದಾಗ ಜೋಳಿಗೆಯನ್ನು ಮೇಲಕ್ಕೆ ಎತ್ತಿ ಕಟ್ಟಿ. ಕೂಸು ಎದ್ದು ಕೂಡಲು ಕಲಿತ ಮೇಲೆ ತೊಟ್ಟಿಲು ಸಾಕು ಮಾಡಿ.

ತೊಟ್ಟಿಲಿಗೆ ಗಿಣಿ ಬೇಕಲ್ಲವೇ? ಹುಟ್ಟಿದ ಕೂಸಿಗೆ ದೂರದ್ದು ಸರಿಯಾಗಿ ಕಾಣುವುದಿಲ್ಲ. ಒಂದು ಗೇಣು, ಒಂದೂಕಾಲು ಗೇಣು ದೂರದ್ದು ಮಾತ್ರ ಚೆನ್ನಾಗಿ ಕಾಣುತ್ತದೆ. ನೀವು ಹಾಲು ಕುಡಿಸುವಾಗ ನಿಮ್ಮ ಮುಖ ಅಷ್ಟೇ ದೂರ ಇರುತ್ತದೆ, ನೋಡಿ! ಕೂಸಿಗೆ ಮೊದಲ ಚಿತ್ರ ನಿಮ್ಮ ಮುಖವೇ. ತಿಳಿ ಬಣ್ಣ ಅದಕ್ಕೆ ಗೊತ್ತಾಗುವುದಿಲ್ಲ. ಕಪ್ಪು, ಬಿಳುಪು, ಗಾಢ ಕೆಂಪು ಗೊತ್ತಾಗುತ್ತದೆ. ಕೆಂಪು ಬಟ್ಟೆಯ ಗಿಣಿ ಹೊಲಿದು, ಒಳಗೆ ಬಟ್ಟೆ ಚೂರು ತುಂಬಿ, ಕಪ್ಪು ದಾರದಿಂದ ಕಣ್ಣು ಹೊಲಿಯಿರಿ. ಕಣ್ಣಿಗೆ ಗುಂಡಿ ಬೇಡ. ಕೂಸಿನ ಮುಖದ ನೇರಕ್ಕೆ ಬೇಡ, ಪಕ್ಕಕ್ಕೆ, ಕೈಗೆ ಎಟುಕದಂತೆ ಕಟ್ಟಿ. ಮೂರು ತಿಂಗಳಾದ ಮೇಲೆ ಕೂಸು ಕೈ ಚಾಚುತ್ತದೆ. ಆಗ ಬಿಚ್ಚಿಡಿ. ಒಡೆದ ಬಳೆ ಚೂರನ್ನು ದೀಪದ ಉರಿಗೆ ಬಗ್ಗಿಸಿ ಸರ ಮಾಡುವವರು ಇದ್ದಾರೆ. ಬಹಳ ಚೆಂದ. ಅದನ್ನು ಬಾಗಿಲಿಗೆ ಕಟ್ಟಿ, ತೊಟ್ಟಿಲ ಮೇಲೆ ಬೇಡ.

ಕಣ್ಣಿಗೆ ಕಾಡಿಗೆ ಹಚ್ಚಬೇಡಿ. ಅಂಗಡಿಯ ಕೆಲವು ಕಾಡಿಗೆಯಲ್ಲಿ ಸೀಸ ಇರುತ್ತದೆ. ಮನೆಯ ಕಾಡಿಗೆಯಾದರೂ ಬೆರಳಿನ ಕೊಳೆ ಕಣ್ಣಿಗೆ ಹೋಗುತ್ತದೆ. ದೃಷ್ಟಿ ಬೊಟ್ಟು ಇಡಲೇಬೇಕು ಎಂದು ಅತ್ತೆ ಹಟ ಹಿಡಿದರೆ ಅಂಗಾಲಿಗೆ ಮನೆಯ ಕಾಡಿಗೆಯ ಒಂದು ಚುಕ್ಕೆ ಇಡಿ. ಅವರಿಗೂ ಸಮಾಧಾನ.

ದೊಡ್ಡ ಕೂಸಿನ ಕೈ

ಮೂಲೆ ಸಿದ್ಧವಾಯಿತು. ಆದರೆ ಮನೆಯಲ್ಲಿ ಇನ್ನೊಬ್ಬಳು ಇದ್ದಾಳೆ. ಮೂರು ವರ್ಷದ ದೊಡ್ಡ ಮಗಳು. ತೊಟ್ಟಿಲು ಅವಳದಾಗಿತ್ತು. ಅವ್ವನ ಪಕ್ಕದ ಜಾಗ ಅವಳದಾಗಿತ್ತು. ಒಂದು ದಿನ ಯಾರೋ ಬಂದು ಎಲ್ಲ ಕಸಿದುಕೊಂಡರೆ ಅವಳಿಗೆ ಹೇಗೆ ಅನ್ನಿಸಬೇಕು? ಅವಳು ಮತ್ತೆ ಹಾಸಿಗೆಯಲ್ಲಿ ಉಚ್ಚೆ ಮಾಡುತ್ತಾಳೆ. ಎದೆಹಾಲು ಬೇಡುತ್ತಾಳೆ. ಕೂಸಿಗೆ ಚಿವುಟುತ್ತಾಳೆ. ನಾವು "ಹೊಟ್ಟೆಕಿಚ್ಚು" ಎಂದು ಬೈಯುತ್ತೇವೆ. ಅದು ಹೊಟ್ಟೆಕಿಚ್ಚಲ್ಲ, ಹೆದರಿಕೆ.

"ಇನ್ನ ನಿನ್ನ ಮಾತು ಯಾರೂ ಕೇಳಂಗಿಲ್ಲ ನೋಡು, ತಮ್ಮ ಬರ್ತಾನ" ಎಂದು ನೆರೆಯವರು ತಮಾಷೆ ಮಾಡುತ್ತಾರೆ. ಈ ತಮಾಷೆ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಕೂಸಿಗೆ ಅದು ತಮಾಷೆ ಅಲ್ಲ.

ಆದ್ದರಿಂದ ಆ ಮೂಲೆಯನ್ನು ದೊಡ್ಡ ಮಗಳೇ ಕೊಡುವಂತೆ ಮಾಡಿ. ಅವಳಿಗೆ ಬೇರೆ ಹಾಸಿಗೆ ಹಾಕುವುದಾದರೆ ಹೆರಿಗೆಗೆ ಎರಡು ಮೂರು ತಿಂಗಳು ಮೊದಲೇ ಹಾಕಿ. ಹೊಸ ಕೂಸು ಬಂದ ದಿನ ಎಬ್ಬಿಸಬೇಡಿ. ಅವಳ ಹಳೆಯ ಅಂಗಿಗಳನ್ನು ಮುಂದೆ ಇಟ್ಟು ಕೇಳಿ: "ಇದರಾಗ ಕೂಸಿಗೆ ಯಾವುದು ಕೊಡ್ತಿ?" ಒಂದನ್ನು "ಕೊಡಂಗಿಲ್ಲ" ಎಂದರೆ ಬಿಟ್ಟುಬಿಡಿ. ಅದು ಅವಳದೇ ಇರಲಿ. ಕೌದಿಯ ತುಂಡು ಅವಳೇ ಆರಿಸಲಿ. ರಾತ್ರಿ ನಿಮ್ಮ ಹೊಟ್ಟೆಗೆ ಬಾಯಿಟ್ಟು ಅವಳು ಮಾತಾಡಲಿ, ಹಾಡಲಿ. ಏಳೆಂಟು ತಿಂಗಳಿಗೆ ಒಳಗಿನ ಕೂಸಿಗೆ ದನಿ ಕೇಳುತ್ತದೆ. ಹುಟ್ಟಿದ ಮೇಲೆ ಅವ್ವನ ದನಿ ಗುರುತು ಹಿಡಿಯುತ್ತದೆ.

ಗೋಡೆಯ ಸುಣ್ಣ ಒಣಗಿದ ಮೇಲೆ ಕೆಮ್ಮಣ್ಣು ಕಲಸಿ ಅವಳ ಅಂಗೈ ಅದ್ದಿ ತೊಟ್ಟಿಲ ಹಿಂದಿನ ಗೋಡೆಗೆ ಒತ್ತಿಸಿ. ಸುಣ್ಣದಲ್ಲಿ ಕೈ ಅದ್ದಿಸಬೇಡಿ, ಸುಡುತ್ತದೆ. ಪಕ್ಕದಲ್ಲಿ ಅಷ್ಟೇ ಜಾಗ ಖಾಲಿ ಬಿಡಿ. ಹೆಸರಿಡುವ ದಿನ ಸಣ್ಣ ಕೂಸಿನ ಪಾದ ಅಲ್ಲಿ ಒತ್ತಿಸಿ, ಕೂಡಲೇ ತೊಳೆಯಿರಿ.

ಅದೇ ಗೋಡೆಗೆ ಐದು ಜೋಳದ ತೆನೆ ಬರೆಯಿರಿ. ಹುಟ್ಟಿದಾಗ ಒಂದು, ಒಂದೂವರೆ ತಿಂಗಳಿಗೆ ಒಂದು, ಎರಡೂವರೆ ತಿಂಗಳಿಗೆ ಒಂದು, ಮೂರೂವರೆ ತಿಂಗಳಿಗೆ ಒಂದು, 9 ತಿಂಗಳಿಗೆ ಒಂದು. ಮೊದಲ ವರ್ಷ ಚುಚ್ಚುಮದ್ದಿಗೆ ಹೋಗುವ ದಿನಗಳು ಇವು. ದಿನಾಂಕವನ್ನು ತಾಯಿ ಕಾರ್ಡಿನಲ್ಲಿ ಓದಿ ತೆನೆಯ ಕೆಳಗೆ ಬರೆಯಿರಿ. ಚುಚ್ಚುಮದ್ದು ಹಾಕಿಸಿ ಬಂದ ದಿನ ದೊಡ್ಡ ಮಗಳು ಆ ತೆನೆಗೆ ಕಾಳು ತುಂಬಲಿ, ಅಂದರೆ ಬೆರಳಿನಿಂದ ಕೆಂಪು ಚುಕ್ಕೆ ಇಡಲಿ. ಖಾಲಿ ತೆನೆ ಕಂಡರೆ ಅವಳೇ ನೆನಪು ಮಾಡುತ್ತಾಳೆ. ಮಕ್ಕಳು ಮರೆಯುವುದಿಲ್ಲ.

ಎರಡನೆಯದೂ ಹೆಣ್ಣಾದರೆ?

ಇದನ್ನೂ ಮಾತಾಡಲೇಬೇಕು. ಎರಡನೆಯದೂ ಹೆಣ್ಣು ಎಂದು ಗೊತ್ತಾದ ಕೂಡಲೇ ಕೆಲವು ಮನೆಗಳಲ್ಲಿ ತೊಳೆದಿಟ್ಟ ತೊಟ್ಟಿಲೂ ಕೆಳಗಿಳಿಯುವುದಿಲ್ಲ. ಪೇಢೆ ಹಂಚುವುದಿಲ್ಲ. ಹೆಸರಿಡುವುದನ್ನೂ "ಮುಂದ ನೋಡೋಣ" ಎಂದು ತಳ್ಳುತ್ತಾರೆ. ಬಾಣಂತಿ ಗೋಡೆ ಕಡೆ ಮುಖ ಮಾಡಿ ಅಳುತ್ತಾಳೆ. ಹಾಲೂ ಸರಿಯಾಗಿ ಇಳಿಯುವುದಿಲ್ಲ. ಹೆಣ್ಣೋ ಗಂಡೋ ಎಂದು ನಿರ್ಧಾರ ಆಗುವುದು ತಂದೆಯ ಬೀಜದಿಂದ. ತಾಯಿಯ ತಪ್ಪು ಎಲ್ಲಿಂದ ಬಂತು?

ಮೊದಲೇ ತಯಾರಿ ಮಾಡಿದ್ದಕ್ಕೆ ಇಲ್ಲಿ ಬೆಲೆ ಇದೆ. ಕೌದಿ ಹೊಲಿಯುವಾಗ ಗಂಡು ಹೆಣ್ಣು ಎಂದು ಯಾರಿಗೂ ಗೊತ್ತಿರಲಿಲ್ಲ. ಗೋಡೆಯಲ್ಲಿ ಖಾಲಿ ಬಿಟ್ಟ ಜಾಗ ಗಂಡಿಗೆ ಎಂದು ಬಿಟ್ಟದ್ದಲ್ಲ. ಬರುವ ಕೂಸಿಗೆ ಎಂದು ಬಿಟ್ಟದ್ದು. ಅದು ಬಂತು. ಜಾಗ ಅದರದೇ.

ಸರ್ಕಾರದ ಲೆಕ್ಕವನ್ನೂ ತಿಳಿದಿರಿ. ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲು ಚೊಚ್ಚಲ ಕೂಸಿಗೆ ಮಾತ್ರ ಹಣ ಸಿಗುತ್ತಿತ್ತು. 2022ರ ಏಪ್ರಿಲ್‌ನಿಂದ ನಿಯಮ ಬದಲಾಯಿತು. ಅರ್ಹ ತಾಯಂದಿರಿಗೆ ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಎಂದಾಯಿತು. ಬಸುರನ್ನು ನೋಂದಾಯಿಸಿರಬೇಕು, ಕೂಸಿಗೆ ಚುಚ್ಚುಮದ್ದು ಹಾಕಿಸಿರಬೇಕು. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ. ಅರ್ಜಿಯನ್ನು ನೀವೇ ಓದಿ ಸಹಿ ಮಾಡಿ.

ಇನ್ನು ಉಳಿದದ್ದು ಹೆಸರು. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಹೆಸರು ಇನ್ನೂ ಇಟ್ಟಿಲ್ಲದಿದ್ದರೂ ನೋಂದಾಯಿಸಬಹುದು, ಹೆಸರನ್ನು ಆಮೇಲೆ ಸೇರಿಸಬಹುದು.

ನಾವು ಮೊದಲು ನೋಡಿದ ಮನೆಗೆ ಮತ್ತೆ ಹೋಗೋಣ. ಸುಣ್ಣ ಒಣಗಿದೆ. ಕೆಮ್ಮಣ್ಣಿನ ಕೈ ಗುರುತಿನ ಕೆಳಗೆ ಸೊಸೆ ಇದ್ದಿಲಿನಿಂದ ದೊಡ್ಡ ಮಗಳ ಹೆಸರು ಬರೆದಿದ್ದಾಳೆ. ದೊಡ್ಡ ದೊಡ್ಡ ಅಕ್ಷರ. ಕಲಿಕೆ ಕೇಂದ್ರದಲ್ಲಿ ಸ್ಲೇಟಿನ ಮೇಲೆ ಬರೆದಂತೆಯೇ, ಸ್ವಲ್ಪ ಮೇಲಕ್ಕೆ ಏರಿದ ಸಾಲು.

"ಇದರ ಬಾಜೂಕ ಯಾರ ಹೆಸರವ್ವಾ?" ಎಂದು ಮಗಳು ಕೇಳುತ್ತಾಳೆ.

"ಬರೋರದು. ಬಂದ ಮ್ಯಾಲೆ ಬರೀತೀನಿ."

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಾರೆ. ಆಮೇಲೆ ಒಳಗೆ ಹೋಗಿ ಪೆಟ್ಟಿಗೆ ತೆಗೆದು ತಮ್ಮ ಹಳೆಯ ಸೀರೆಯೊಂದನ್ನು ತಂದು ಸೊಸೆಯ ಮುಂದೆ ಇಡುತ್ತಾರೆ.

"ಇದು ಭಾಳ ಮೆತ್ತಗೈತಿ. ನಡುವಿಗೆ ಇದನ್ನ ಹಾಕು."